ಇಂಗ್ಲಿಷ್ ಬೋರ್ಡು ಬರೆಸುವ ಮುಂಚೆ ಹುಡುಗರ ಓದು ಕೇಳ್ರಿ

2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ. ಶೇ 42.43. ನೂರು ಮಕ್ಕಳು ಪರೀಕ್ಷೆಗೆ ಕೂತರೆ ಐವತ್ತೇಳು ಮಂದಿ ಫೇಲು. ಆಮೇಲೆ ನಡೆದದ್ದು ನಮಗೆಲ್ಲ ಗೊತ್ತಿರುವ ಜಾತ್ರೆ: ಮುಖ್ಯ ಶಿಕ್ಷಕರ ಸಭೆ, ನೋಟಿಸು, ವೆಬ್‌ಕಾಸ್ಟಿಂಗ್‌ನಿಂದ ನಕಲು ನಿಂತಿತು ಅನ್ನುವ ಸಮಾಧಾನ, ಹತ್ತನೇ ಕ್ಲಾಸಿಗೆ ಬೆಳಗ್ಗೆ–ಸಂಜೆ ವಿಶೇಷ ತರಗತಿ, ಪಾಸಾಗಲು ಬೇಕಾದಷ್ಟೇ ಪ್ರಶ್ನೆಗಳ ಕಿರುಹೊತ್ತಿಗೆ. ಹತ್ತನೇ ಕ್ಲಾಸಿನಲ್ಲಿ ಬಿದ್ದ ಹುಡುಗ ಮೂರನೇ ಕ್ಲಾಸಿನಲ್ಲೇ ಬಿದ್ದಿದ್ದ, ಏಳು ವರ್ಷ ಯಾರೂ ನೋಡಲಿಲ್ಲ ಎಂಬ ಮಾತು ಮಾತ್ರ ಯಾವ ಸಭೆಯ ನಡಾವಳಿಯಲ್ಲೂ ಬರಲಿಲ್ಲ.

ಈ ರೋಗಕ್ಕೆ ಈಗ ಸಿಕ್ಕಿರುವ ಔಷಧ ಇಂಗ್ಲಿಷು. ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಪಾಠ ಶುರುವಾಗಿದ್ದು 2007ರಲ್ಲಿ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. 2024ರ ಬಜೆಟ್ಟಿನಲ್ಲಿ ಎರಡು ಸಾವಿರ ಪ್ರಾಥಮಿಕ ಶಾಲೆಗಳನ್ನು ದ್ವಿಭಾಷಾ ಶಾಲೆ ಮಾಡುತ್ತೇವೆ ಎಂದರು. ಪ್ರತಿ ಸಲವೂ ಲೆಕ್ಕ ಕೊಟ್ಟಿದ್ದು ಎಷ್ಟು ಶಾಲೆ ಅಂತ. ಆ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಒಂದು ಸಾಲು ಇಂಗ್ಲಿಷು ತಾವಾಗಿ ಓದಲು ಬಂತು ಅನ್ನುವ ಲೆಕ್ಕ ಎಲ್ಲಿದೆ?

ಪಾಲಕರನ್ನು ಬೈಯಲು ನಾನು ತಯಾರಿಲ್ಲ. ವಾಡಿಯಲ್ಲಿ, ಮಳಖೇಡದಲ್ಲಿ, ಸೇಡಂನಲ್ಲಿ ಸಿಮೆಂಟ್ ಕಂಪನಿಯ ಗೇಟಿನ ಹೊರಗೆ ಗುತ್ತಿಗೆ ಕೆಲಸಕ್ಕೆ ನಿಂತವನಿಗೆ ಗೇಟಿನ ಒಳಗಿನ ಭಾಷೆ ಯಾವುದು ಅಂತ ಚೆನ್ನಾಗಿ ಗೊತ್ತು. ಶಹಾಬಾದಿನಲ್ಲಿ ಫರ್ಷಿ ಹೊತ್ತು ಬೆನ್ನು ಬಾಗಿದವಳು "ನಮ್ ಹುಡುಗಿ ಎರಡ್ ಮಾತ್ ಇಂಗ್ಲಿಷ್ ಕಲೀಲಿ ಬಿಡ್ರಿ" ಅಂದರೆ ಅದರಲ್ಲಿ ತಪ್ಪೇನಿದೆ? ಅವಳಿಗೆ ಭಾಷಣ ಬಿಗಿಯುವ ನಮ್ಮ ಕನ್ನಡ ಹೋರಾಟಗಾರರಲ್ಲಿ ಎಷ್ಟು ಮಂದಿಯ ಮಕ್ಕಳು ಸರ್ಕಾರಿ ಕನ್ನಡ ಶಾಲೆಯಲ್ಲಿದ್ದಾರೆ? ಮಾತೃಭಾಷೆಯಲ್ಲೇ ಕಲಿಸಿ ಎಂದು ಸರ್ಕಾರ ಒತ್ತಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿ ಆಗಿದೆ. ಆ ಜಗಳ ಮುಗಿದು ಹತ್ತು ವರ್ಷ ದಾಟಿತು.

ಅದಿರಲಿ, ನಮ್ಮ ಕಡೆ ಮಾತೃಭಾಷೆ ಅಂದರೆ ಯಾವುದು? ಚಿಂಚೋಳಿಯ ತಾಂಡಾದ ಮಗುವಿಗೆ ಅವ್ವ ಅಂದರೆ ಯಾಡಿ, ರೊಟ್ಟಿ ಅಂದರೆ ಬಾಟಿ, ನೀರು ಅಂದರೆ ಪಾಣಿ. ಅದರ ಮಾತು ರಾಜಸ್ಥಾನದ ಕಡೆಯ ಮಾತುಗಳಿಗೆ ಹತ್ತಿರ, ಕನ್ನಡಕ್ಕೆ ನೆಂಟೇ ಅಲ್ಲ. ಶಹಾಬಾದ್, ಚಿತ್ತಾಪುರದ ಮುಸ್ಲಿಂ ಓಣಿಯ ಮಗು ಮನೆಯಲ್ಲಿ ದಖನಿ ಆಡುತ್ತದೆ. ಉರ್ದು ಶಾಲೆಗೆ ಹೋದರೂ ಪುಸ್ತಕದ ಉರ್ದು ಅದಕ್ಕೆ ಬೇರೆಯೇ. ತೆಲಂಗಾಣದ ಗಡಿಗೆ ಹತ್ತಿದ ಸೇಡಂ, ಚಿಂಚೋಳಿ ಹಳ್ಳಿಗಳಲ್ಲಿ ತೆಲುಗು. ರೈಲ್ವೆ ಜಂಕ್ಷನ್ ಆದ ವಾಡಿಯಲ್ಲಿ ಹಿಂದಿ, ಮರಾಠಿ ಎಲ್ಲ ಉಂಟು. ಕನ್ನಡವೇ ಆಡುವ ಮನೆಯ ಮಗುವಿಗೂ ಪುಸ್ತಕದ "ಬರುತ್ತೇನೆ, ಹೋಗುತ್ತೇನೆ" ಪರಕೀಯ. ಅದರ ಬಾಯಲ್ಲಿ "ಬರ್ತಿನಿ, ಹೋತಿನಿ".

ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಬೆಂಬಲ ಬೇಕು ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಐದು ಊರುಗಳ ಕಡೆ ಎಷ್ಟೋ ಮಕ್ಕಳಿಗೆ ಕನ್ನಡವೇ ಎರಡನೇ ಭಾಷೆ, ಇಂಗ್ಲಿಷ್ ಮೂರನೆಯದು. ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕೊಡುವ ಬೆಂಬಲ ಎಂಥದು? ಆರು ವರ್ಷದ ತಾಂಡಾದ ಹುಡುಗಿ ಶಾಲೆಯ ಮೊದಲ ದಿನ ಮಾಸ್ತರರ ಮಾತಿಗೆ ಸುಮ್ಮನೆ ಕೂತರೆ ಅವಳನ್ನು 'ದಡ್ಡಿ' ಅನ್ನುತ್ತಾರೆ. ಅವಳಿಗೆ ಬುದ್ಧಿ ಕಡಿಮೆ ಇಲ್ಲ, ಆ ಮಾತು ಅವಳು ಕೇಳಿಯೇ ಇಲ್ಲ. ಮೊದಲ ಆರು ತಿಂಗಳು ಅವಳ ಜೊತೆ ಕನ್ನಡದಲ್ಲಿ ಮಾತಾಡಬೇಕು, ಮಾತಾಡಿಸಬೇಕು. ಅವಳು ಬಾಟಿ ಅಂದರೆ "ಹೌದು, ರೊಟ್ಟಿ" ಅನ್ನಬೇಕು. ಗೊತ್ತಿರುವ ಮಾತನ್ನೇ ಅಕ್ಷರದಲ್ಲಿ ತೋರಿಸಬೇಕು. ಇದಕ್ಕೆ ಸ್ಮಾರ್ಟ್ ಕ್ಲಾಸು ಬೇಡ. ಮಾಸ್ತರರಿಗೆ ನೂರು ಲಂಬಾಣಿ ಶಬ್ದ ಗೊತ್ತಿದ್ದರೆ ಸಾಕು. ಅದನ್ನು ಕಲಿಸಲು ಅದೇ ತಾಂಡಾದ ಪಿಯುಸಿ ಓದಿದ ಹುಡುಗಿಯೊಬ್ಬಳು ಸಾಕು. ಅವಳನ್ನು ಕರೆಯಲು ಇಲಾಖೆಯ ಯಾವ ಶೀರ್ಷಿಕೆಯಲ್ಲಿ ದುಡ್ಡಿದೆ ಎಂಬುದೇ ಪ್ರಶ್ನೆಯಾದರೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇರುವುದು ಯಾಕೆ? ಬರೀ ಕೋಣೆ ಕಟ್ಟಲಿಕ್ಕೇನು?

ಇನ್ನು ಓದಿನ ವಿಚಾರ. ನಮ್ಮ ಶಾಲೆಗಳಲ್ಲಿ ಎಣಿಸದ ವಸ್ತು ಇಲ್ಲ. ಹಾಜರಿ ಎಣಿಸುತ್ತಾರೆ, ಮೊಟ್ಟೆ ಎಣಿಸುತ್ತಾರೆ, ಹಾಲಿನ ಪುಡಿ ತೂಗುತ್ತಾರೆ, ಶೂ ಅಳತೆ ಬರೆಯುತ್ತಾರೆ, ಸ್ಯಾಟ್ಸ್‌ಗೆ ಅಂಕ ಏರಿಸುತ್ತಾರೆ. (ಮೊಟ್ಟೆ ಎಣಿಸಲಿ, ಅದರ ಬಗ್ಗೆ ತಕರಾರಿಲ್ಲ. 2021ರಲ್ಲಿ ನಮ್ಮ ಜಿಲ್ಲೆಗಳಿಗೆ ಮೊಟ್ಟೆ ಬಂದಾಗ ಕುಣಿದವರಲ್ಲಿ ನಾನೂ ಒಬ್ಬ.) ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಇಷ್ಟೆಲ್ಲದರ ನಡುವೆ ಒಂದು ಮಗುವನ್ನು ಪಕ್ಕಕ್ಕೆ ಕೂಡಿಸಿಕೊಂಡು, ಅದು ಹಿಂದೆ ನೋಡಿರದ ನಾಲ್ಕು ಸಾಲು ಕೊಟ್ಟು, ಅದರ ಓದನ್ನು ಕಿವಿಗೊಟ್ಟು ಕೇಳುವ ಮೂರು ನಿಮಿಷ ಎಲ್ಲೂ ಇಲ್ಲ.

ನಂಬಿಕೆ ಇಲ್ಲದಿದ್ದರೆ ನಿಮ್ಮೂರಿನ ಶಾಲೆಗೇ ಹೋಗಿ ನೋಡಿ. "ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರ ಬೆಕ್ಕು" ಎಂದು ಇಡೀ ಕ್ಲಾಸು ಹಾಡುತ್ತದೆ. ಬೆಕ್ಕಿನ ಚಿತ್ರದ ಮೇಲೆ ಕೈ ಮುಚ್ಚಿ, ಸಿ ತೆಗೆದು ಆರ್ ಬರೆದು, ಈಗ ಓದು ಅನ್ನಿ. ಕ್ಲಾಸು ಗಪ್‌ಚುಪ್. ಕನ್ನಡದಲ್ಲೂ ಅಷ್ಟೇ: ಬಾಯಿಪಾಠದ ಪದ್ಯ ಬೆರಳಿಟ್ಟು ಓದುತ್ತಾರೆ, ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದು ಸಾಲಿನಲ್ಲಿ. ಒತ್ತಕ್ಷರ ಬಂದರೆ ನಿಂತುಬಿಡುತ್ತಾರೆ. ಕರಿಹಲಗೆಯಿಂದ ನೋಡಿ ಬರೆದ ದುಂಡು ಅಕ್ಷರದ ನೋಟ್‌ಬುಕ್ಕಿಗೆ ಮಾತ್ರ ಕೆಂಪು ಪೆನ್ನಿನ 'ಗುಡ್' ಬಿದ್ದಿರುತ್ತದೆ.

ಓದು ಕೇಳುವ ವಿಧಾನ ಹೊಸದೇನಲ್ಲ. 'ಪ್ರಥಮ್' ಸಂಸ್ಥೆ 2005ರಿಂದ ಅಸರ್ ಸಮೀಕ್ಷೆಯಲ್ಲಿ ಮಾಡುತ್ತಿರುವುದು ಇದನ್ನೇ: ಅಕ್ಷರ, ಶಬ್ದ, ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲು, ಎರಡನೇ ಕ್ಲಾಸಿನ ಮಟ್ಟದ ಒಂದು ಕತೆ, ಮಗು ಎಲ್ಲಿ ನಿಲ್ಲುತ್ತದೋ ಅದು ಅದರ ಮಟ್ಟ. ಅದಕ್ಕೂ ಮುಂಚೆ, 1995ರಲ್ಲಿ, ಹೆಗ್ಗಡದೇವನಕೋಟೆಯ ಸರ್ಕಾರಿ ಮಾಸ್ತರರು ರಿಷಿ ವ್ಯಾಲಿಗೆ ಹೋಗಿ ಬಂದು 'ನಲಿ-ಕಲಿ' ಕಟ್ಟಿದರು. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬೇಕು, ಯಾವ ಮೆಟ್ಟಿಲಲ್ಲಿದೆ ಅಂತ ಮಾಸ್ತರರಿಗೆ ಗೊತ್ತಿರಬೇಕು ಎಂಬುದು ಅದರ ಜೀವ. 2009ರಲ್ಲಿ ಅದನ್ನು ಆಜ್ಞೆ ಮಾಡಿ ಇಡೀ ರಾಜ್ಯಕ್ಕೆ ಹಂಚಿದರು. ಮೆಟ್ಟಿಲಿನ ಚಿತ್ರ ಇವತ್ತಿಗೂ ಗೋಡೆ ಮೇಲಿದೆ. ಪ್ರಗತಿ ನೋಟ ತುಂಬಿದೆ. ಮಗು ಮಾತ್ರ ಎರಡನೇ ಮೆಟ್ಟಿಲಲ್ಲೇ ಕೂತಿದೆ.

2021ರ ನಿಪುಣ್ ಭಾರತ್ ಮೂರನೇ ಕ್ಲಾಸಿನ ಮಗು ನಿಮಿಷಕ್ಕೆ ಅರವತ್ತು ಶಬ್ದ ಓದಬೇಕು ಅನ್ನುತ್ತದೆ. ಗುರಿ ಇರಲಿ, ಆದರೆ ದೆಹಲಿಯ ಗಡಿಯಾರ ನಮ್ಮ ಭಾಷೆಗೆ ಹೊಂದುವುದಿಲ್ಲ. ಇಂಗ್ಲಿಷಿನಲ್ಲಿ "ಐ ಆ್ಯಮ್ ಗೋಯಿಂಗ್" ಮೂರು ಶಬ್ದ. ಕನ್ನಡದಲ್ಲಿ "ಹೋಗುತ್ತಿದ್ದೇನೆ" ಒಂದೇ ಶಬ್ದ, ಅದರೊಳಗೆ ಎರಡು ಒತ್ತಕ್ಷರ. ಸ್ಟಾಪ್‌ವಾಚ್ ಹಿಡಿದು ಓಡಿಸಿದರೆ ಅರ್ಥವಿಲ್ಲದೆ ಗಡಗಡ ಓದುವ ಇನ್ನೊಂದು ಕಂಠಪಾಠ ಹುಟ್ಟುತ್ತದೆ. ಓದಿದ ಮೇಲೆ "ಕತಿಯೊಳಗ ಏನಾತು ಹೇಳಪ್ಪ" ಎಂದು ಕೇಳಬೇಕು. ಲಂಬಾಣಿಯಲ್ಲಿ ಹೇಳಿದರೂ, ದಖನಿಯಲ್ಲಿ ಹೇಳಿದರೂ ಅದು ಉತ್ತರವೇ.

"ಟೈಮ್ ಎಲ್ಲದ ಸರ, ಮಾಸ್ತರರೇ ಇಲ್ಲ" ಎಂಬ ಮಾತು ಬರುತ್ತದೆ. ಖಾಲಿ ಹುದ್ದೆಯ ಸಂಕಟ ಸುಳ್ಳಲ್ಲ. 371ಜೆ ಬಂದು ಹನ್ನೆರಡು ವರ್ಷ ದಾಟಿದರೂ ನಮ್ಮ ಶಾಲೆಗಳು ಅತಿಥಿ ಶಿಕ್ಷಕರ ಮೇಲೆ ನಿಂತಿವೆ, ಆ ಅತಿಥಿಯೂ ಜೂನಿನಲ್ಲೇ ಬರುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಮೂವತ್ತು ಮಕ್ಕಳು, ತಲಾ ಮೂರು ನಿಮಿಷ, ಒಟ್ಟು ಒಂದೂವರೆ ತಾಸು. ತಿಂಗಳಿಗೆ ಒಮ್ಮೆ. ಬಿಇಒ ಕಚೇರಿಯಿಂದ ವಾಟ್ಸಾಪಿನಲ್ಲಿ ಬರುವ 'ಇಂದೇ ಕಳುಹಿಸಿ' ಮಾಹಿತಿಗಳಲ್ಲಿ ಎರಡನ್ನು ಬಿಟ್ಟರೆ ಅಷ್ಟು ಹೊತ್ತು ಸಿಗುತ್ತದೆ.

ನಿಜವಾದ ಅಡ್ಡಿ ಹೆದರಿಕೆ. ಆರನೇ ಕ್ಲಾಸಿನಲ್ಲಿ ಹತ್ತು ಮಕ್ಕಳಿಗೆ ಅಕ್ಷರವೇ ಬರುವುದಿಲ್ಲ ಎಂದು ಮಾಸ್ತರರು ಬರೆದರೆ ಮರುದಿನ ಕಾರಣ ಕೇಳಿ ನೋಟಿಸು ಬರುತ್ತದೆ. ಎಲ್ಲರಿಗೂ 'ಬಿ ಪ್ಲಸ್' ಬರೆದವರಿಗೆ ಏನೂ ಬರುವುದಿಲ್ಲ. ಸುಳ್ಳು ಬರೆದವರಿಗೆ ನೆಮ್ಮದಿ, ನಿಜ ಬರೆದವರಿಗೆ ಶಿಕ್ಷೆ; ಈ ಕಟ್ಟಳೆ ಇರುವ ತನಕ ಯಾವ ಆ್ಯಪ್ ತಂದರೂ ಅದರಲ್ಲಿ ತುಂಬುವುದು ಸುಳ್ಳೇ. ಓದಿನ ಮಟ್ಟ ಬರೆದ ಕಾಗದದ ಮೇಲೆ ಯಾವ ಶಿಕ್ಷಕರಿಗೂ ನೋಟಿಸು ಕೊಡುವುದಿಲ್ಲ ಎಂದು ಉಪನಿರ್ದೇಶಕರು ಲಿಖಿತವಾಗಿ ಹೇಳಲಿ. ಸಿಆರ್‌ಪಿಗಳು ರಿಜಿಸ್ಟರ್ ನೋಡುವ ಬದಲು ಐದು ಮಕ್ಕಳ ಓದು ಕೇಳಿ ಹೋಗಲಿ.

ಗುಳೆ ಹೋಗುವ ಮಕ್ಕಳದು ಬೇರೆಯೇ ಕತೆ. ದೀಪಾವಳಿ ಮುಗಿಸಿ ತಾಂಡಾದಿಂದ ಮುಂಬಯಿ, ಪುಣೆ, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಅವ್ವ-ಅಪ್ಪನ ಬೆನ್ನಿಗೆ ಹೋದ ಮಗು ಯುಗಾದಿಗೆ ತಿರುಗಿ ಬಂದಾಗ ಕ್ಲಾಸು ಮುಂದೆ ಹೋಗಿರುತ್ತದೆ. ಹೋಗುವಾಗ ಯಾವ ಮಟ್ಟದಲ್ಲಿತ್ತು ಎಂದು ಒಂದು ಚೀಟಿಯಲ್ಲಿ ಬರೆದಿದ್ದರೆ ಅಲ್ಲಿಂದಲೇ ಶುರು ಮಾಡಬಹುದಿತ್ತು. ಬರೆದಿರುವುದಿಲ್ಲ. ವಯಸ್ಸು ನೋಡಿ ಕೂಡಿಸುತ್ತಾರೆ.

ಸಾವಿರದ ನೂರು ವರ್ಷಕ್ಕೂ ಹಿಂದೆ, ಇದೇ ಸೇಡಂ ತಾಲೂಕಿನ ಮಳಖೇಡದಿಂದ ಆಳಿದ ನೃಪತುಂಗನ ಆಸ್ಥಾನದ 'ಕವಿರಾಜಮಾರ್ಗ' ಕನ್ನಡಿಗರು ಓದದೆಯೂ ಕಾವ್ಯ ಬಲ್ಲವರು ಎಂದು ಹೊಗಳಿತು. ನಮ್ಮ ಇಲಾಖೆ ಆ ಹೊಗಳಿಕೆಯ ಮೊದಲರ್ಧವನ್ನು ಮಾತ್ರ ಭಾಳ ನಿಷ್ಠೆಯಿಂದ ಪಾಲಿಸುತ್ತಿದೆ.

ಅಧಿಕಾರ ದೂರ ಇಲ್ಲ. ಗ್ರಾಮೀಣಾಭಿವೃದ್ಧಿ ಸಚಿವ ಪ್ರಿಯಾಂಕ್ ಖರ್ಗೆ ಚಿತ್ತಾಪುರದ ಶಾಸಕರು, ಜಿಲ್ಲಾ ಉಸ್ತುವಾರಿಯೂ ಅವರದೇ. ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲ ಸೇಡಂನವರು. ಪಂಚಾಯ್ತಿ ಗ್ರಂಥಾಲಯಗಳು, ಅಂದರೆ ಈಗಿನ ಅರಿವು ಕೇಂದ್ರಗಳು, ಖರ್ಗೆಯವರ ಇಲಾಖೆಯ ಕೆಳಗೇ ಇವೆ. ಅಲ್ಲಿ ಸಂಜೆ ಒಂದು ತಾಸು ಮಕ್ಕಳ ಓದು ಕೇಳಲು ಊರಿನ ಡಿಗ್ರಿ ಮುಗಿಸಿದ ಹುಡುಗರನ್ನು ಕೂಡಿಸಲು ವಿಧಾನಸೌಧದ ಅಪ್ಪಣೆ ಬೇಕೇ? ಇಂಗ್ಲಿಷ್ ವಿಭಾಗ ತೆರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಶಾಲೆಯ ಮೂರನೇ ಕ್ಲಾಸಿನ ಎಷ್ಟು ಮಕ್ಕಳು ಕನ್ನಡದ ಅಥವಾ ಉರ್ದುವಿನ ನಾಲ್ಕು ಸಾಲು ಓದುತ್ತಾರೆ, ಎಷ್ಟು ಮಕ್ಕಳು ಇಂಗ್ಲಿಷಿನ ಒಂದು ಸಾಲು ಓದುತ್ತಾರೆ ಎಂದು ಬೋರ್ಡಿನ ಕೆಳಗೇ ಸುಣ್ಣದಲ್ಲಿ ಬರೆಯಿರಿ, ತಿಂಗಳಿಗೊಮ್ಮೆ ಅಳಿಸಿ ತಿರುಗಿ ಬರೆಯಿರಿ.

ನೀವು ಎಸ್‌ಡಿಎಂಸಿ ಸದಸ್ಯರಾಗಿದ್ದರೆ ಮುಂದಿನ ಸಭೆಯಲ್ಲಿ ಕಾಂಪೌಂಡಿನ ಗೋಡೆಯ ಬಿಲ್ ಪಾಸು ಮಾಡುವ ಮೊದಲು ಮೂರನೇ ಕ್ಲಾಸಿನಿಂದ ಐದು ಮಕ್ಕಳನ್ನು ಕರೆಸಿ, ಪಾಠದ ಪುಸ್ತಕ ಬಿಟ್ಟು ಬೇರೆ ಯಾವುದಾದರೂ ಹಾಳೆ ಕೈಗೆ ಕೊಡಿ. ನಿಮಗೇ ಓದು ಬರದಿದ್ದರೂ ಚಿಂತೆ ಇಲ್ಲ, ಪಕ್ಕದಲ್ಲಿ ಓದು ಬಲ್ಲವರೊಬ್ಬರನ್ನು ಕೂಡಿಸಿಕೊಳ್ಳಿ. ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ, ಸಹಿ ಮಾಡಿ, ಒಂದು ಪ್ರತಿ ನಮಗೂ ಕಳಿಸಿ.