ಪರದೆಯ ಪೈಲಟ್ ನಿಯಮ ಮುರಿಯಬಹುದೆ?

ಪೈಲಟ್‌ಗಳ ಸಿನಿಮಾ ಬಂದಾಗಲೆಲ್ಲ ವಿಮಾನದ ಹುಚ್ಚಿರುವವರ ತಕರಾರೂ ಜೊತೆಗೇ ಬರುತ್ತದೆ. ಮೇಲೇರಿದ್ದು ಏರ್‌ಬಸ್, ಇಳಿದದ್ದು ಬೋಯಿಂಗ್. ಸ್ಟಾಲ್ ಅಂದರೆ ಎಂಜಿನ್ ನಿಂತುಹೋಗುವುದು ಅಂದುಕೊಂಡಿದ್ದಾರೆ. ಯಾವ ಪೈಲಟ್ಟೂ ಹೀಗೆ ಮಾತಾಡುವುದಿಲ್ಲ. 2022ರಲ್ಲಿ ಅಜಯ್ ದೇವಗನ್ ನಿರ್ದೇಶಿಸಿ ನಟಿಸಿದ 'ರನ್‌ವೇ 34' ತೆರೆಕಂಡಾಗ ತಕರಾರು ತೆಗೆದವರು ಹವ್ಯಾಸಿಗಳಷ್ಟೇ ಅಲ್ಲ. ಚಿತ್ರವು ವೃತ್ತಿಯನ್ನು ಇದ್ದಂತೆ ತೋರಿಸಿಲ್ಲ, ಪ್ರಯಾಣಿಕರಲ್ಲಿ ಸಲ್ಲದ ಅಳುಕು ಹುಟ್ಟಿಸೀತು ಎಂದು ಭಾರತೀಯ ಪೈಲಟ್‌ಗಳ ಒಕ್ಕೂಟವೇ ಹೇಳಿಕೆ ಕೊಟ್ಟಿತು. ಹಾಗಾದರೆ ಪೈಲಟ್‌ಗಳ ಕಥೆ ಹೇಳುವ ಸಿನಿಮಾ ಕಾಕ್‌ಪಿಟ್ಟಿನ ಕಟ್ಟುಪಾಡಿಗೆ ಬದ್ಧವಾಗಿರಬೇಕೆ?

ಪರ: ಸ್ವಿಚ್ಚು ತಪ್ಪಿದರೆ ತಪ್ಪಲಿ, ನಡತೆ ತಪ್ಪಬಾರದು

ಮೊದಲೇ ಹೇಳಿಬಿಡುತ್ತೇನೆ, ನಾನು ಆ ತಕರಾರಿನವರ ಪೈಕಿಯೇ. ಬಾಲದ ಬಣ್ಣ ನೋಡಿ ವಿಮಾನ ಯಾವ ದೇಶದ್ದೆಂದು ಹೇಳುವ ಜಾತಿ. ನಮ್ಮ ಕೊಂಕಿನಲ್ಲಿ ಮುಕ್ಕಾಲು ಪಾಲು ತಮಾಷೆ, ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ. 'ಡೈ ಹಾರ್ಡ್ 2'ರಲ್ಲಿ (1990) ವಾಷಿಂಗ್ಟನ್ನಿನ ಡಲಸ್ ನಿಲ್ದಾಣ ದುಷ್ಟರ ವಶವಾಗುತ್ತದೆ, ವಿಮಾನಗಳು ಇಂಧನ ಮುಗಿಯುವ ತನಕ ಅದರ ನೆತ್ತಿಯ ಮೇಲೇ ಗಿರಕಿ ಹೊಡೆಯುತ್ತವೆ. ಬದಲಿ ಊರಿಗೆ ಹೋಗಿ ಇಳಿಯುವಷ್ಟು, ಅದರ ಮೇಲೂ ಮೀಸಲಿಗೆಂದು ಇಷ್ಟು, ಹೀಗೆ ಇಂಧನ ತುಂಬಿಸಿಕೊಳ್ಳದೆ ಪ್ರಯಾಣಿಕ ಜೆಟ್ ಹೊರಡುವುದೇ ಇಲ್ಲ. ಬಾಲ್ಟಿಮೋರ್ ಪಕ್ಕದಲ್ಲೇ ಇದೆ. ಇರಲಿ, ಬ್ರೂಸ್ ವಿಲ್ಲಿಸ್‌ಗೆ ಮಾಡಲು ಏನಾದರೂ ಕೆಲಸ ಬೇಕಲ್ಲ.

'ರನ್‌ವೇ 34' ಎಂಬ ಹೆಸರನ್ನೂ ಕ್ಷಮಿಸಬಹುದು. ಕಥೆಯ ವಿಮಾನ ಇಳಿಯುವುದು ತಿರುವನಂತಪುರದಲ್ಲಿ, ಅಲ್ಲಿರುವ ರನ್‌ವೇ 14 ಮತ್ತು 32. ಈ ಅಂಕಿ ರನ್‌ವೇ ಯಾವ ದಿಕ್ಕಿಗಿದೆ ಎಂಬುದನ್ನು ಹೇಳುತ್ತದೆ. 320 ಡಿಗ್ರಿಗೆ 32. ಅದನ್ನು 34 ಮಾಡಿದ್ದರಿಂದ ಯಾರ ಗಂಟೂ ಹೋಗಲಿಲ್ಲ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಆ ಚಿತ್ರದ ಹಿಂದೆ ನಿಜವಾಗಿ ನಡೆದ ಘಟನೆ ಇದೆ. 2015ರ ಆಗಸ್ಟ್ 18ರಂದು ದೋಹಾದಿಂದ ಕೊಚ್ಚಿಗೆ ಬಂದ ಜೆಟ್ ಏರ್‌ವೇಸ್ ವಿಮಾನಕ್ಕೆ ಅಲ್ಲಿ ರನ್‌ವೇ ಕಾಣಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿ, ತಿರುವನಂತಪುರಕ್ಕೆ ತಿರುಗಿ, ಅಲ್ಲೂ ಹಲವು ಸಲ ಇಳಿಯಲಾಗದೆ, ಕೊನೆಗೆ ನೆಲ ಮುಟ್ಟಿದಾಗ ಅರ್ಧ ಗಂಟೆಗೆಂದು ಉಳಿದಿರಲೇಬೇಕಾದ ಇಂಧನದಲ್ಲಿ ಬಹುಪಾಲು ಖಾಲಿಯಾಗಿತ್ತು. ಅದು ತನಿಖೆಯಾಗಬೇಕಾದ ಪ್ರಕರಣ, ತನಿಖೆ ಆಯಿತು ಕೂಡ. ಸಿನಿಮಾದಲ್ಲಿ ಅದೇ ಹಾರಾಟ ಒಬ್ಬ ಅಸಾಮಾನ್ಯನ ಕಥೆಯಾಗುತ್ತದೆ. ಕ್ಯಾಪ್ಟನ್‌ಗೆ ಒಮ್ಮೆ ನೋಡಿದ್ದನ್ನು ಮರೆಯದ ನೆನಪಿನ ಶಕ್ತಿ. ಹಿಂದಿನ ರಾತ್ರಿ ಮೋಜು, ಮರುದಿನ ಹಾರಾಟ. ಪಕ್ಕದಲ್ಲಿ ಕೂತ ಕೋ-ಪೈಲಟ್ ಹೆದರಿ ಬೆವರುತ್ತಾಳೆ, ಅವಳ ಮಾತು ನಡೆಯುವುದಿಲ್ಲ. ಆಮೇಲೆ ಅಮಿತಾಭ್ ಬಚ್ಚನ್ ಎಷ್ಟೇ ಕಟುವಾಗಿ ಪ್ರಶ್ನಿಸಲಿ, ನೋಡುಗರ ಚಪ್ಪಾಳೆ ಯಾರಿಗೆ ಎಂಬುದರಲ್ಲಿ ಅನುಮಾನವಿಲ್ಲ.

ಈ ಚಪ್ಪಾಳೆ ಕೇಳಿದಾಗ ಕರಾವಳಿಯವರಿಗೆ ಬಜ್ಪೆ ನೆನಪಾಗದಿರುವುದಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ತೀರಾ ಎತ್ತರದಲ್ಲಿತ್ತು. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು. ಕೋ-ಪೈಲಟ್ ಗೋ-ಅರೌಂಡ್ ಎಂದು ಒಮ್ಮೆಯಲ್ಲ, ಮೂರು ಸಲ ಹೇಳಿದರು. ಎಂದರೆ ಇಳಿಯುವುದನ್ನು ಬಿಡಿ, ಮತ್ತೆ ಮೇಲೇರಿ ಸುತ್ತು ಹಾಕಿ ಬರೋಣ ಎಂದು. ಎಚ್ಚರಿಕೆಯ ಯಂತ್ರವೂ ಕೂಗುತ್ತಿತ್ತು. ಕ್ಯಾಪ್ಟನ್ ಮುಂದುವರಿದರು. ಸುಮಾರು 8,000 ಅಡಿ ಉದ್ದದ ಗುಡ್ಡದ ತಲೆಯ ರನ್‌ವೇಯಲ್ಲಿ ವಿಮಾನ ನೆಲ ಮುಟ್ಟಿದ್ದು 5,200 ಅಡಿಯಷ್ಟು ಕಳೆದ ಮೇಲೆ. 158 ಮಂದಿ ಹೋದರು, ಎಂಟು ಮಂದಿ ಬದುಕಿ ಬಂದರು. ವಿಚಾರಣೆ ನಡೆಸಿದವರು ನೇರ ಕಾರಣವೆಂದು ಬರೆದದ್ದು ಇದನ್ನೇ: ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಯುವ ಹಟ ಬಿಡಲಿಲ್ಲ.

ಇದಕ್ಕೆ ಮೂವತ್ತಮೂರು ವರ್ಷ ಮೊದಲು ಟೆನೆರಿಫೆಯಲ್ಲಿ ಎರಡು ಜಂಬೊ ಜೆಟ್‌ಗಳು ಡಿಕ್ಕಿಯಾಗಿ 583 ಜನ ಸತ್ತಾಗಲೂ ಹೀಗೆಯೇ. ರನ್‌ವೇ ಖಾಲಿ ಇದೆಯೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ್ದು ಹಿರಿಯ ಕ್ಯಾಪ್ಟನ್‌ನ ಕಿವಿಗೆ ನಾಟಲಿಲ್ಲ. ಆಮೇಲೆ ಜಗತ್ತಿನ ಏರ್‌ಲೈನ್‌ಗಳು ಪೈಲಟ್‌ಗಳಿಗೆ ಹೊಸ ಪಾಠ ಕಲಿಸತೊಡಗಿದವು. ಕಿರಿಯ ಬಾಯಿ ಬಿಡಬೇಕು, ಹಿರಿಯ ಕೇಳಬೇಕು. ಇಳಿಯುವಾಗ ನೆಲದಿಂದ ಸಾವಿರ ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ಇಳಿತದ ಪ್ರಮಾಣ, ಚಕ್ರ, ಫ್ಲಾಪ್ ಎಲ್ಲ ಸರಿಯಾಗಿರಬೇಕು. ಒಂದು ತಪ್ಪಿದ್ದರೂ ಇಬ್ಬರಲ್ಲಿ ಯಾರಾದರೂ ಗೋ-ಅರೌಂಡ್ ಅಂದರೆ ಮುಗಿಯಿತು, ಮೇಲೇರಬೇಕು. ಅಲ್ಲಿ ಚರ್ಚೆಗೆ, ಮಾನಾಪಮಾನಕ್ಕೆ ಜಾಗವಿಲ್ಲ. ಆದರೆ ಸಿನಿಮಾದಲ್ಲಿ ಗೋ-ಅರೌಂಡ್ ಎಂದರೆ ಸೋಲು. ಹಿನ್ನೆಲೆ ಸಂಗೀತವೇ ಹಾಗೆ ಹೇಳುತ್ತದೆ. ಹೀಗಾಗಿ ವಿಮಾನ ಇನ್ನೇನು ಇಳಿಯಿತು ಅನ್ನುವಾಗ ಗಕ್ಕನೆ ಮೇಲೇರಿದರೆ ನಮ್ಮ ಜನ ಜೀವ ಬಾಯಿಗೆ ಬಂದವರಂತೆ ಕೂಗುತ್ತಾರೆ, ಪೈಲಟ್‌ಗೆ ಬರುವುದಿಲ್ಲ ಎಂದು ಬೈಯುತ್ತಾರೆ. ಆ ಕ್ಷಣದಲ್ಲಿ ಪೈಲಟ್ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿದ್ದಾನೆ ಎಂದು ಅವರಿಗೆ ಯಾವ ಸಿನಿಮಾವೂ ಹೇಳಿಕೊಟ್ಟಿಲ್ಲ.

ನಿಯಮಕ್ಕೆ ಕಟ್ಟುಬಿದ್ದರೆ ಸಿನಿಮಾ ಸಪ್ಪೆಯಾಗುತ್ತದೆ ಎಂಬ ಮಾತಿಗೆ ಪಾಲ್ ಗ್ರೀನ್‌ಗ್ರಾಸ್‌ರ 'ಯುನೈಟೆಡ್ 93' (2006) ಸಾಕು. ಸೆಪ್ಟೆಂಬರ್ 11ರಂದು ಅಮೆರಿಕದ ವಾಯುಸಂಚಾರದ ಹೊಣೆ ಹೊತ್ತಿದ್ದ ಬೆನ್ ಸ್ಲೈನಿ ಅದರಲ್ಲಿ ತಮ್ಮ ಪಾತ್ರವನ್ನು ತಾವೇ ಮಾಡಿದ್ದಾರೆ. '7500' (2019) ಎಂಬ ಇನ್ನೊಂದು ಚಿತ್ರ ಹೆಚ್ಚುಕಡಿಮೆ ಪೂರ್ತಿ ಒಂದು ಏರ್‌ಬಸ್‌ನ ಕಾಕ್‌ಪಿಟ್ಟಿನೊಳಗೇ ನಡೆಯುತ್ತದೆ. ವಿಮಾನ ಅಪಹರಣವಾದಾಗ ಪೈಲಟ್ ಒತ್ತುವ ಸಂಕೇತವೇ ಅದರ ಹೆಸರು. ಬಾಗಿಲ ಆಚೆ ಏನಾಗುತ್ತಿದೆ ಎಂಬುದು ಕಾಣುವುದು ಒಂದು ಸಣ್ಣ ಕ್ಯಾಮೆರಾ ಪರದೆಯಲ್ಲಿ. ಬಾಗಿಲು ತೆರೆಯಬಾರದು ಎಂಬ ನಿಯಮವೇ ಅಲ್ಲಿ ಕಥೆಯ ಕುತ್ತಿಗೆ ಹಿಸುಕುವ ಹಗ್ಗ. ಆ ನಿಯಮ ತೆಗೆದುಹಾಕಿ ನೋಡಿ, ಸಿನಿಮಾವೇ ಇರುವುದಿಲ್ಲ.

ವಿರೋಧ: ವಿಮಾನ ನಿಜ, ಮನುಷ್ಯರು ಸುಳ್ಳು

ಬಜ್ಪೆಯ ಹೆಸರೆತ್ತಿದ ಮೇಲೆ ಎದುರು ಮಾತಾಡುವವನ ಪಾಡು ಕಷ್ಟ. ಆದರೂ ಕೇಳುತ್ತೇನೆ: ಮೂರು ಸಲ ಹೇಳಿದ್ದನ್ನು ಕೇಳಿಸಿಕೊಳ್ಳದ ಕ್ಯಾಪ್ಟನ್ ಅದನ್ನು ಸಿನಿಮಾ ನೋಡಿ ಕಲಿತರೆ? ತರಬೇತಿ ಕೊಟ್ಟವರು, ಪಾಳಿ ಹಾಕಿದವರು, ಲೈಸೆನ್ಸ್ ಕೊಟ್ಟವರು ಇಷ್ಟೆಲ್ಲ ಇರುವಾಗ ಲೆಕ್ಕ ಕೇಳಬೇಕಾದದ್ದು ಅವರನ್ನು. ಸಿನಿಮಾದವನ ಜುಟ್ಟು ಹಿಡಿಯುವುದು ಸುಲಭ, ಅವನು ಸಿಕ್ಕುತ್ತಾನೆ.

ವಿಮಾನಪ್ರಿಯರು ಮೆಚ್ಚುವ ಚಿತ್ರವನ್ನೇ ತೆಗೆದುಕೊಳ್ಳೋಣ. ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿದ 'ಸಲ್ಲಿ' (2016). 2009ರ ಜನವರಿ 15ರಂದು ನ್ಯೂಯಾರ್ಕಿನ ಲಗಾರ್ಡಿಯಾದಿಂದ ಎದ್ದ ಏರ್‌ಬಸ್ 320ಕ್ಕೆ ಹೆಬ್ಬಾತುಗಳು ಬಡಿದು ಎರಡೂ ಎಂಜಿನ್ ಸೋತವು. 208 ಸೆಕೆಂಡಿನಲ್ಲಿ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲಿಳಿಸಿದರು, 155 ಜನರೂ ಉಳಿದರು. ಕಾಕ್‌ಪಿಟ್ಟಿನ ದೃಶ್ಯದಲ್ಲಿ ತಪ್ಪು ಹುಡುಕುವುದು ಕಷ್ಟ. ಮಾತುಗಳು ಧ್ವನಿಮುದ್ರಿಕೆಗೆ ಬಹಳ ಹತ್ತಿರ, ಟಾಮ್ ಹ್ಯಾಂಕ್ಸ್ ಎಲ್ಲೂ ಕೂಗಾಡುವುದಿಲ್ಲ. ಎದುರುಪಕ್ಷದವರು ಕೇಳುವ ಎಲ್ಲವೂ ಅಲ್ಲಿದೆ.

ಈಗ ವಿಚಾರಣೆಯ ದೃಶ್ಯಕ್ಕೆ ಬನ್ನಿ. ತನಿಖಾ ಮಂಡಳಿಯವರು ಮುಖ ಗಂಟು ಹಾಕಿಕೊಂಡು ಕೂತಿದ್ದಾರೆ. ಸಿಮ್ಯುಲೇಟರ್‌ನಲ್ಲಿ ಪೈಲಟ್‌ಗಳು ಆರಾಮವಾಗಿ ನಿಲ್ದಾಣಕ್ಕೆ ಮರಳುವುದನ್ನು ತೋರಿಸಿ ನಾಯಕನನ್ನು ಸಿಕ್ಕಿಸಲು ನೋಡುತ್ತಾರೆ. ಅವರಿಗೆ ಮೊದಲೇ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ, ಯೋಚಿಸಲು ಸಮಯ ಬೇಡವೆ ಎಂದು ನಾಯಕ ಕೇಳುತ್ತಾನೆ. ಅಧಿಕಾರಿಗಳು ಒಲ್ಲದ ಮನಸ್ಸಿನಿಂದ 35 ಸೆಕೆಂಡು ಸೇರಿಸುತ್ತಾರೆ, ಸಿಮ್ಯುಲೇಟರ್ ವಿಮಾನ ಅಪ್ಪಳಿಸುತ್ತದೆ, ಸತ್ಯ ಗೆಲ್ಲುತ್ತದೆ. ನಿಜದಲ್ಲಿ ಆ 35 ಸೆಕೆಂಡನ್ನು ಲೆಕ್ಕಕ್ಕೆ ತಂದವರು ತನಿಖಾಧಿಕಾರಿಗಳೇ. ಯಾರೂ ಅವರ ಮೂಗು ಹಿಡಿದು ಮಾಡಿಸಿದ್ದಲ್ಲ. ವರದಿ ಬಂದದ್ದು 2010ರ ಮೇ ತಿಂಗಳಲ್ಲಿ, ಅದು ಪೈಲಟ್‌ಗಳ ನಿರ್ಧಾರವನ್ನು ಎತ್ತಿಹಿಡಿಯಿತು. ಚಿತ್ರದ ಚಿತ್ರಕಥೆ ನೋಡಿ, ತನಿಖಾಧಿಕಾರಿಗಳ ನಿಜವಾದ ಹೆಸರು ಬಳಸಬೇಡಿ ಎಂದು ಹೇಳಿದವರು ಸಲ್ಲೆನ್‌ಬರ್ಗರ್ ಎಂದು ಹ್ಯಾಂಕ್ಸ್ ಹೇಳಿದ್ದುಂಟು. ನಾಯಕನಿಗೇ ಮುಜುಗರವಾಗುವಷ್ಟು ಅನ್ಯಾಯ.

ಸ್ವಿಚ್ಚುಗಳೆಲ್ಲ ಸರಿ ಇದ್ದ ಸಿನಿಮಾ ಇದು. ತಾಂತ್ರಿಕ ನಿಖರತೆ ಇಲ್ಲಿ ಮಾಡಿದ ಕೆಲಸವೆಂದರೆ ಸುಳ್ಳಿಗೆ ಸಾಕ್ಷಿ ಹೇಳಿದ್ದು. ಅಷ್ಟು ಕರಾರುವಾಕ್ಕಾದ ಕಾಕ್‌ಪಿಟ್ ತೋರಿಸಿದವರು ಅಧಿಕಾರಿಗಳ ಬಗ್ಗೆಯೂ ನಿಜವನ್ನೇ ಹೇಳುತ್ತಿರಬೇಕು ಎಂದು ನೋಡುಗ ನಂಬಿದ.

ಇದಕ್ಕೆ ಎದುರಾಗಿ ರಾಬರ್ಟ್ ಝೆಮೆಕಿಸ್‌ರ 'ಫ್ಲೈಟ್' (2012) ಇಡುತ್ತೇನೆ. ವಿಮಾನಪ್ರಿಯರು ಬಿದ್ದು ಬಿದ್ದು ನಗುವ ಚಿತ್ರ. ಕುಡಿದ, ಕೊಕೇನ್ ಸೇದಿದ ಕ್ಯಾಪ್ಟನ್ ಡೆನ್ಜೆಲ್ ವಾಷಿಂಗ್ಟನ್, ಮೂಗು ಕೆಳಗಾಗಿ ಧುಮುಕುತ್ತಿರುವ ಜೆಟ್ಟನ್ನು ತಲೆಕೆಳಗು ಮಾಡಿ ಹಾರಿಸುತ್ತಾನೆ, ಮತ್ತೆ ತಿರುಗಿಸಿ ಹೊಲದಲ್ಲಿಳಿಸುತ್ತಾನೆ. 102 ಜನರಲ್ಲಿ 96 ಮಂದಿ ಉಳಿಯುತ್ತಾರೆ. ಸಾಧ್ಯವೇ ಇಲ್ಲ ಎಂದು ಇವರು ಪಟ್ಟಿ ಮಾಡುತ್ತಾರೆ. ಸರಿಯೇ. ಆದರೆ ಆ ಕಲ್ಪನೆಯ ಬೇರು 2000ನೇ ಇಸವಿಯ ಜನವರಿ 31ರಲ್ಲಿದೆ. ಅಲಾಸ್ಕಾ ಏರ್‌ಲೈನ್ಸ್‌ನ ಎಂಡಿ-83 ವಿಮಾನದ ಬಾಲದ ಸ್ಕ್ರೂವಿಗೆ ಸರಿಯಾಗಿ ಗ್ರೀಸ್ ಹಚ್ಚದೆ ಅದರ ನಟ್ಟಿನ ಎಳೆ ಸವೆದುಹೋಗಿತ್ತು. ವಿಮಾನ ತಲೆಕೆಳಗಾದಾಗ ಪೈಲಟ್‌ಗಳು ಅದೇ ಸ್ಥಿತಿಯಲ್ಲಿ ಹಾರಿಸಲು ಹೆಣಗಿದರು. 88 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಝೆಮೆಕಿಸ್ ಮಾಡಿದ್ದು ಇಷ್ಟು: ಆ ಕ್ಷಣ ದಾಟಿ ಬದುಕಿಬಂದ ಪೈಲಟ್ ಕುಡುಕನಾಗಿದ್ದರೆ ಏನಾಗುತ್ತಿತ್ತು ಎಂದು ಕೇಳಿದರು. ಮುಂದೆ ಸುಮಾರು ಎರಡು ಗಂಟೆ ವಿಮಾನವೇ ಹಾರುವುದಿಲ್ಲ. ಹೋಟೆಲ್ ಕೋಣೆಯ ಫ್ರಿಜ್ಜಿನ ಮೇಲೆ ಒಂದು ಪುಟ್ಟ ವೋಡ್ಕಾ ಬಾಟಲಿ ಇದೆ, ಅದರ ಮೇಲೆ ಒಂದು ಕೈ ಬರುತ್ತದೆ. ಕೊನೆಗೆ ವಿಚಾರಣೆಯಲ್ಲಿ, ಸತ್ತುಹೋದ ಗಗನಸಖಿಯ ತಲೆಗೆ ಬಾಟಲಿ ಕಟ್ಟಿಬಿಟ್ಟರೆ ಪಾರಾಗಬಹುದು ಎಂಬಲ್ಲಿಗೆ ಬಂದು ಅವನು ನಿಲ್ಲುತ್ತಾನೆ. ಅಲ್ಲಿ ಅವನು ಕೊಡುವ ಉತ್ತರಕ್ಕಾಗಿಯೇ ಇಡೀ ಸಿನಿಮಾ. ಆ ವಿಮಾನ ತಲೆಕೆಳಗಾಗಿ ಎಷ್ಟು ಹೊತ್ತು ಹಾರಬಲ್ಲದು ಎಂದು ಯೋಚಿಸುತ್ತ ಕೂತವರಿಗೆ ಆ ಕೈ ಕಂಡಿತೋ ಇಲ್ಲವೋ.

ಸಾಧ್ಯಾಸಾಧ್ಯದ ಅಳತೆಗೋಲೂ ಅಷ್ಟೊಂದು ಗಟ್ಟಿಯಲ್ಲ. ವಿಮಾನದ ಗಾಜು ಕಿತ್ತುಹೋಗಿ ಕ್ಯಾಪ್ಟನ್ ಸೊಂಟದ ತನಕ ಹೊರಗೆ ಎಳೆಯಲ್ಪಟ್ಟು, ಸಿಬ್ಬಂದಿ ಅವನ ಕಾಲು ಹಿಡಿದುಕೊಂಡೇ ಇದ್ದು, ಕೋ-ಪೈಲಟ್ ವಿಮಾನ ಇಳಿಸಿ, ಹೊರಗೆ ನೇತಾಡಿದವನೂ ಬದುಕಿದ ಎಂದು ಒಬ್ಬ ಚಿತ್ರಕಥೆಗಾರ ಬರೆದುಕೊಂಡು ಬಂದರೆ ಮೊದಲು ನಗುವವರು ಇವರೇ. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್ ವಿಮಾನದಲ್ಲಿ ಅಕ್ಷರಶಃ ಅದೇ ನಡೆಯಿತು. ಹೊಸ ಗಾಜು ಕೂಡಿಸಿದವರು 90 ಬೋಲ್ಟುಗಳಲ್ಲಿ 84ನ್ನು ಸಣ್ಣ ಅಳತೆಯವು ಹಾಕಿದ್ದರು. 2018ರಲ್ಲಿ ಚೀನಾದ ಸಿಚುವಾನ್ ಏರ್‌ಲೈನ್ಸ್‌ನಲ್ಲೂ ಗಾಜು ಹೋಯಿತು, ಕೋ-ಪೈಲಟ್ ಅರ್ಧ ಹೊರಗೆ ಹೋಗಿ ಬಂದ. ಅದು ಮರುವರ್ಷವೇ 'ದಿ ಕ್ಯಾಪ್ಟನ್' ಎಂಬ ಸಿನಿಮಾ ಆಯಿತು.

ನಮ್ಮವರ ಉದಾಹರಣೆ ಬೇಕಿದ್ದರೆ 'ಸೂರರೈ ಪೋಟ್ರು' (2020) ಇದೆ. ಅದು ಏರ್ ಡೆಕ್ಕನ್ ಕಟ್ಟಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಬದುಕಿನಿಂದ ಹುಟ್ಟಿದ ಕಥೆ. ಸೇನೆಯಲ್ಲಿದ್ದವರನ್ನು ವಾಯುಪಡೆಗೆ ಸೇರಿಸಿ, ಹಾಸನ ಜಿಲ್ಲೆಯವರನ್ನು ಮಧುರೆ ಸೀಮೆಯವರನ್ನಾಗಿ ಮಾಡಿದರು. ಬೆಂಗಳೂರಿಂದ ಹುಬ್ಬಳ್ಳಿಗೆ ಹಾರಿದ ಮೊದಲ ವಿಮಾನದ ಸುಳಿವೂ ಇಲ್ಲ. ಈ ಮುನಿಸು ನನಗೂ ಇದೆ, ಮುಚ್ಚಿಡುವುದಿಲ್ಲ. ಆದರೆ ಗೋಪಿನಾಥ್ ಅವರೇ ಕಲ್ಪನೆ ಬಹಳ ಬೆರೆಸಿದ್ದಾರೆ ಎಂದು ಒಪ್ಪಿಕೊಂಡು, ತಮ್ಮ ಪುಸ್ತಕದ ಸತ್ವ ಅದರಲ್ಲಿದೆ ಎಂದು ಹೊಗಳಿದರು. ಬದುಕಿದವರಿಗೆ ಇಲ್ಲದ ತಕರಾರು ನಮಗೇಕೆ?

ಅಷ್ಟಕ್ಕೂ ವಿಮಾನಪ್ರಿಯರು ಎಲ್ಲ ಸುಳ್ಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಅವರಲ್ಲಿ ಬಹಳ ಮಂದಿ ತಲೆ ಮೇಲೆ ಹೊತ್ತು ಕುಣಿಯುವ ಚಿತ್ರ 'ಏರ್‌ಪ್ಲೇನ್!' (1980). ಮೀನಿನ ಊಟ ಮಾಡಿ ಪೈಲಟ್‌ಗಳು ಕಾಯಿಲೆ ಬೀಳುತ್ತಾರೆ, ಗಾಳಿ ತುಂಬಿದ ಬೊಂಬೆ ಆಟೋಪೈಲಟ್ ಆಗಿ ಕೂರುತ್ತದೆ. 1957ರ 'ಝೀರೋ ಅವರ್!' ಎಂಬ ಗಂಭೀರ ಚಿತ್ರದ ಹಕ್ಕು ಕೊಂಡು, ಅದರ ಸಂಭಾಷಣೆಯನ್ನೇ ಇಟ್ಟುಕೊಂಡು ಮಾಡಿದ ಗೇಲಿ ಅದು. ಹಳೆಯ ಚಿತ್ರದಲ್ಲಿದ್ದದ್ದು ಪ್ರೊಪೆಲ್ಲರ್ ವಿಮಾನವಾದ್ದರಿಂದ, ಇಲ್ಲಿ ತೆರೆಯ ಮೇಲೆ ಜೆಟ್ ಹಾರುತ್ತಿದ್ದರೂ ಚಿತ್ರದುದ್ದಕ್ಕೂ ಕೇಳುವುದು ಪ್ರೊಪೆಲ್ಲರ್ ಗುರುಗುಟ್ಟುವ ಸದ್ದು. ಅದನ್ನು ಸರಿಪಡಿಸಿ ಎಂದು ನನ್ನ ಎದುರುಪಕ್ಷದವರೂ ಕೇಳಲಾರರು.