ಗೇಟಿನ ಹೊರಗೆ ನಿಂತು ಕೊಡುವ ಅಂಕ

2025ರ ಅಕ್ಟೋಬರ್‌ನಲ್ಲಿ ದಸರಾ ರಜೆ ಮುಗಿಯುವ ಹೊತ್ತಿಗೆ ರಾಜ್ಯ ಸರ್ಕಾರವು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು 18ನೇ ತಾರೀಖಿನವರೆಗೆ ವಿಸ್ತರಿಸಿತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿದಿರಲಿಲ್ಲ. ಮನೆ ಮನೆಗೆ ಹೋಗಿ ಮೊಬೈಲ್ ಆ್ಯಪ್‌ನಲ್ಲಿ ವಿವರ ತುಂಬಬೇಕಾದವರು ಶಿಕ್ಷಕರೇ ಆಗಿದ್ದರು. ಖಾಸಗಿ ಶಾಲೆಗಳಿಗೆ ಈ ರಜೆ ಅನ್ವಯಿಸಲಿಲ್ಲ. ಅವುಗಳ ವ್ಯಾನ್‌ಗಳು ಎಂದಿನಂತೆ ನಮ್ಮ ಮೂಡಲಪಾಳ್ಯದ ಗಲ್ಲಿಗಳಲ್ಲಿ ಹಾರ್ನ್ ಹೊಡೆಯುತ್ತಾ ಓಡಾಡಿದವು.

‘ಟೀಚರ್‌ಗಳೆಲ್ಲಾ ಬೀದಿ ಸುತ್ತುತ್ತಾ ಇದ್ದಾರೆ, ಕ್ಲಾಸಲ್ಲಿ ಯಾರಿದ್ದಾರೆ ಮೇಷ್ಟ್ರೇ? ಅದಕ್ಕೇ ನಾವು ಅಲ್ಲಿಗೆ ಹಾಕಲ್ಲ’ ಎಂದರು ನಮ್ಮ ಬೀದಿಯ ಒಬ್ಬರು ತಾಯಿ. ಅವರ ಮಗು ಸರ್ಕಾರಿ ಶಾಲೆಗೆ ಹೋದದ್ದೇ ಇಲ್ಲ. ಅವರೂ ಆ ಶಾಲೆಯ ಗೇಟು ದಾಟಿದವರಲ್ಲ. ಆದರೂ ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಪಾಠ ಹೇಗೆ ನಡೆಯುತ್ತದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಶಿಕ್ಷಕರು ಬೀದಿಯಲ್ಲಿರುವುದು ಎಲ್ಲರಿಗೂ ಕಾಣುತ್ತದೆ.

ನಾನು ಬಿ.ಇಡಿ. ಮುಗಿಸಿ, ವಿಜಯನಗರದಲ್ಲಿ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿರುವ ಸಾವಿರಾರು ಮಂದಿಯಲ್ಲಿ ಒಬ್ಬ. ಸಂಜೆ ಹದಿನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಒಂಬತ್ತು ಮಕ್ಕಳು ಖಾಸಗಿ ಶಾಲೆಯವರು, ಐವರು ಸರ್ಕಾರಿ ಶಾಲೆಯವರು. ಶುಲ್ಕ ಕೊಡಲು ಬಂದ ಪೋಷಕರನ್ನು ಕೆಲವು ತಿಂಗಳಿಂದ ಒಂದೇ ಪ್ರಶ್ನೆ ಕೇಳುತ್ತಿದ್ದೇನೆ: ‘ನಮ್ಮ ಏರಿಯಾದ ಸರ್ಕಾರಿ ಪ್ರಾಥಮಿಕ ಶಾಲೆ ಚೆನ್ನಾಗಿದೆಯಾ?’ ಇದು ಸಮೀಕ್ಷೆ ಅಲ್ಲ, ಬೀದಿಯ ಮಾತುಕತೆ ಅಷ್ಟೆ. ಆದರೆ ಉತ್ತರಗಳಲ್ಲಿ ಒಂದು ಕ್ರಮ ಕಂಡಿತು. ಮಕ್ಕಳನ್ನು ಅಲ್ಲಿಗೆ ಕಳಿಸದವರ ಅಭಿಪ್ರಾಯ ಖಚಿತವಾಗಿತ್ತು, ವಿವರ ಇರಲಿಲ್ಲ. ಕಳಿಸುತ್ತಿರುವವರ ಬಳಿ ವಿವರಗಳಿದ್ದವು, ಖಚಿತ ತೀರ್ಪು ಇರಲಿಲ್ಲ.

ಮೂರೂವರೆ ವರ್ಷಕ್ಕೇ ಮುಗಿದ ತೀರ್ಮಾನ

ಕಳಿಸದವರಿಂದ ಶುರು ಮಾಡೋಣ. ಸರ್ಕಾರಿ ಶಾಲೆ ಬೇಡ ಎಂದು ಅವರು ತೀರ್ಮಾನಿಸಿದ್ದು ಯಾವಾಗ? ಮಗುವಿಗೆ ಮೂರೂವರೆ ವರ್ಷವಾದಾಗ. ಆಗ ಬೀದಿಯ ತುದಿಯ ಕಾನ್ವೆಂಟ್‌ನಲ್ಲಿ ಎಲ್‌ಕೆಜಿ ಇತ್ತು, ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗಿಂತ ಕೆಳಗೆ ಏನೂ ಇರಲಿಲ್ಲ. ಅಂಗನವಾಡಿ ಇತ್ತು, ಆದರೆ ಅದನ್ನು ಶಾಲೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ರ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಆದರೂ ಲೆಕ್ಕ ಬದಲಾಗಲಿಲ್ಲ. ಸರ್ಕಾರಿ ಶಾಲೆ ಬಾಗಿಲು ತೆರೆಯುವಷ್ಟರಲ್ಲಿ ಮಗು ಎರಡು ವರ್ಷ ಬೇರೆ ಕಡೆ ಕಲಿತು, ಗೆಳೆಯರನ್ನು ಮಾಡಿಕೊಂಡು, ರೈಮ್ಸ್ ಹೇಳಿ ಮನೆಯವರನ್ನು ಮೆಚ್ಚಿಸಿಯಾಗಿರುತ್ತದೆ. ಅಂದರೆ ಸರ್ಕಾರಿ ಶಾಲೆ ಇಲ್ಲಿ ಗುಣಮಟ್ಟದ ಸ್ಪರ್ಧೆಯಲ್ಲಿ ಸೋತಿಲ್ಲ, ಸ್ಪರ್ಧೆಗೇ ತಡವಾಗಿ ಬಂದಿದೆ. 2018-19ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿ ಇದೆ. ಆದರೆ ಅವು ಪ್ರತಿ ಬಡಾವಣೆಯಲ್ಲೂ ಇಲ್ಲ.

ಸರ್ಕಾರದ ನೀತಿಯೂ ಪೋಷಕರಿಗೆ ಒಂದು ಸಂದೇಶ ಕಳಿಸಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ 25ರಷ್ಟು ಸೀಟುಗಳನ್ನು ಬಡ ಮಕ್ಕಳಿಗೆ ಕೊಡುವುದು ಕರ್ನಾಟಕದಲ್ಲಿ 2012-13ರಿಂದ ಜಾರಿಗೆ ಬಂತು. ಆ ಮಕ್ಕಳ ಶುಲ್ಕವನ್ನು ಸರ್ಕಾರವೇ ತುಂಬಿಕೊಟ್ಟಿತು. ಬಡವರಿಗೆ ಅದರಿಂದ ಉಪಯೋಗವಾದದ್ದು ನಿಜ. ಜೊತೆಗೆ ‘ಸರ್ಕಾರವೇ ದುಡ್ಡು ಕೊಟ್ಟು ಅಲ್ಲಿಗೆ ಕಳಿಸುತ್ತಿದೆ ಅಂದರೆ ಅಲ್ಲೇ ಚೆನ್ನಾಗಿರಬೇಕು’ ಎಂಬ ಭಾವನೆಯೂ ಬೇರೂರಿತು. 2019ರಲ್ಲಿ ನಿಯಮ ಬದಲಾಗಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ ಎಂದಾಯಿತು. ಹೈಕೋರ್ಟ್ ಅದೇ ವರ್ಷ ಮೇ ತಿಂಗಳಲ್ಲಿ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಬೆಂಗಳೂರಿನಂಥ ಊರಿನಲ್ಲಿ ನೆರೆಯಲ್ಲಿ ಒಂದಲ್ಲ ಒಂದು ಸರ್ಕಾರಿ ಶಾಲೆ ಇದ್ದೇ ಇರುತ್ತದೆ. ಸೀಟು ಹೋಯಿತು, ಭಾವನೆ ಉಳಿಯಿತು. ನಮ್ಮ ಬೀದಿಯ ಆಟೊ ಓಡಿಸುವ ಅಣ್ಣನ ದೊಡ್ಡ ಮಗಳು ಆರ್‌ಟಿಇ ಸೀಟಿನಲ್ಲಿ ಓದಿದವಳು. ಚಿಕ್ಕವನಿಗೆ ಸೀಟು ಸಿಗಲಿಲ್ಲ. ಅವರು ಅವನನ್ನು ಸರ್ಕಾರಿ ಶಾಲೆಗೆ ಸೇರಿಸಲಿಲ್ಲ. ಚೀಟಿ ಎತ್ತಿ ಶುಲ್ಕ ಕಟ್ಟಿದರು. ‘ಅಕ್ಕ ಒಂದು ಕಡೆ, ತಮ್ಮ ಒಂದು ಕಡೆ ಅಂದ್ರೆ ನಾಳೆ ಅವನು ನನ್ನನ್ನೇ ಕೇಳ್ತಾನಲ್ವಾ?’ ಎನ್ನುತ್ತಾರೆ.

ಒಳಗಿನವರು ಹೇಳುವುದು

ಈಗ ಮಕ್ಕಳನ್ನು ಕಳಿಸುತ್ತಿರುವವರ ಮಾತು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ಗೆ ಹೋಗುವವರು, ಕಟ್ಟಡ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಉಲ್ಲಾಳ, ಕೆಂಗೇರಿ ಕಡೆ ಶೆಡ್ಡುಗಳಲ್ಲಿ ಇರುವವರು, ಮನೆಗೆಲಸ ಮಾಡುವವರು. ಇವರು ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ. ಮೂರನೇ ಕ್ಲಾಸಿನ ಮಿಸ್ ಬಹಳ ಒಳ್ಳೆಯವರು, ಆದರೆ ಅವರೇ ಎರಡು ಕ್ಲಾಸು ನೋಡಿಕೊಳ್ಳಬೇಕು. ಹಾಲು, ಊಟ, ಮೊಟ್ಟೆ ಸರಿಯಾಗಿ ಸಿಗುತ್ತದೆ. ಪುಸ್ತಕ, ಸಮವಸ್ತ್ರ ಉಚಿತ. ಶೌಚಾಲಯ ತೊಳೆಯುವವರಿಲ್ಲ, ಮಗಳು ಮನೆಗೆ ಬರುವವರೆಗೂ ತಡೆದುಕೊಂಡಿರುತ್ತಾಳೆ. ಶಾಲೆ ನಾಲ್ಕು ಗಂಟೆ ದಾಟುತ್ತಲೇ ಬಿಡುತ್ತದೆ, ನಾನು ಬರುವುದು ಆರೂವರೆಗೆ. ಆ ಎರಡು ಗಂಟೆ ಮಗುವನ್ನು ಯಾರು ನೋಡಬೇಕು?

ಈ ಕೊನೆಯ ಪ್ರಶ್ನೆ ಗುಣಮಟ್ಟದ ಯಾವ ವರದಿಯಲ್ಲೂ ನನಗೆ ಕಾಣಲಿಲ್ಲ. ಆದರೆ ದುಡಿಯುವ ತಾಯಿಗೆ ಅದೇ ಮೊದಲ ಅಳತೆ. ಎಷ್ಟೋ ಸಣ್ಣ ಖಾಸಗಿ ಶಾಲೆಗಳು ಸಂಜೆ ಟ್ಯೂಷನ್ ಹೆಸರಿನಲ್ಲಿ ಮಗುವನ್ನು ಇನ್ನೆರಡು ಗಂಟೆ ಇಟ್ಟುಕೊಳ್ಳುತ್ತವೆ. ಪೋಷಕರು ಅಲ್ಲಿ ದುಡ್ಡು ಕೊಡುವುದು ಇಂಗ್ಲಿಷಿಗೆ ಮಾತ್ರವಲ್ಲ, ಆ ಭದ್ರತೆಗೂ ಹೌದು.

ಇನ್ನೊಂದು ದೂರು ‘ಒಂದನೇ ಕ್ಲಾಸಲ್ಲಿ ಏನೂ ಓದಿಸಲ್ಲ, ನೆಲದ ಮೇಲೆ ಕೂರಿಸಿ ಆಟ ಆಡಿಸ್ತಾರೆ’ ಎಂಬುದು. ಅದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶಿಕ್ಷಕರೇ ಕೂತು ರೂಪಿಸಿದ ಪದ್ಧತಿ. 2009-10ರಿಂದ ರಾಜ್ಯದಾದ್ಯಂತ ಇದೆ. ಮಗು ಗುಂಪಿನಲ್ಲಿ ಕೂತು ಕಾರ್ಡು ಹಿಡಿದು, ತನ್ನ ವೇಗದಲ್ಲಿ ಮೆಟ್ಟಿಲು ಏರಬೇಕು. ಎಲ್‌ಕೆಜಿಯಲ್ಲೇ ನಾಲ್ಕು ಗೆರೆ ಪುಸ್ತಕ ತುಂಬಿಸುವುದನ್ನು ನೋಡಿದ ಪೋಷಕರಿಗೆ ಇದು ಪಾಠವೇ ಅನ್ನಿಸುವುದಿಲ್ಲ. ಪದ್ಧತಿ ಒಳ್ಳೆಯದಿರಬಹುದು. ಆದರೆ ಅದು ಏನೆಂದು ಪೋಷಕರಿಗೆ ಹತ್ತು ನಿಮಿಷ ಕೂರಿಸಿ ಹೇಳದಿದ್ದರೆ, ಅವರ ಲೆಕ್ಕದಲ್ಲಿ ಅದು ಆಟವೇ.

ಇಂಗ್ಲಿಷ್ ಎಂಬ ಅಳತೆಗೋಲು

ಭಾಷೆಯ ಪ್ರಶ್ನೆ ನಮ್ಮಲ್ಲಿ ಹಳೆಯದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂಬ 1994ರ ಆದೇಶ ಎರಡು ದಶಕ ಕೋರ್ಟುಗಳಲ್ಲಿ ಓಡಾಡಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮದ ಆಯ್ಕೆ ಪೋಷಕರಿಗೆ ಬಿಟ್ಟದ್ದು, ಸರ್ಕಾರ ಹೇರುವಂತಿಲ್ಲ ಎಂದಿತು. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯುವ ತೀರ್ಮಾನಕ್ಕೆ ಸಾಹಿತಿಗಳು ವಿರೋಧಿಸಿದರು, ಅನೇಕ ಪೋಷಕರು ಸ್ವಾಗತಿಸಿದರು.

ನನ್ನ ಟ್ಯೂಷನ್‌ನಲ್ಲಿ ಐದನೇ ತರಗತಿಯವರಿಗೆ ಒಂದು ಲೆಕ್ಕ ಕೊಟ್ಟೆ: ಡಜನ್ ಬಾಳೆಹಣ್ಣಿಗೆ 60 ರೂಪಾಯಿ, ಐದು ಹಣ್ಣಿಗೆ ಎಷ್ಟು? ಇಂಗ್ಲಿಷಿನಲ್ಲಿ ಬರೆದುಕೊಟ್ಟಾಗ ಖಾಸಗಿ ಶಾಲೆಯ ಮಕ್ಕಳು ತಡವರಿಸದೆ ಓದಿದರು, ಓದಿ ‘ಪ್ಲಸ್ಸಾ, ಮೈನಸ್ಸಾ ಸರ್?’ ಎಂದರು. ಅದನ್ನೇ ಕನ್ನಡದಲ್ಲಿ ಹೇಳಿದ ಕೂಡಲೇ ಇಬ್ಬರು ಬಾಯಲ್ಲೇ ಇಪ್ಪತ್ತೈದು ಎಂದರು. ಸರ್ಕಾರಿ ಶಾಲೆಯ ಮಕ್ಕಳು ಕನ್ನಡದಲ್ಲಿ ಓದಿದಾಗ ಏನು ಮಾಡಬೇಕೆಂದು ಸರಿಯಾಗಿ ಹೇಳಿದರು. ಆದರೆ ಭಾಗಾಕಾರ ಬಿಡಿಸುವಲ್ಲಿ ಒಬ್ಬ ಸೋತ. ಇಂಗ್ಲಿಷಿನ ಸಾಲು ಓದಲು ಇಬ್ಬರಿಗೂ ಆಗಲಿಲ್ಲ. ಯಾವ ಶಾಲೆ ಮೇಲು ಎಂದು ಇದರಿಂದ ಹೇಳಲಾಗದು. ಆದರೆ ಮನೆಯಲ್ಲಿ ಇಂಗ್ಲಿಷ್ ಬಾರದ ತಂದೆಗೆ ಕೇಳಿಸುವುದು ಮಗು ಓದುವ ದನಿ ಮಾತ್ರ. ಅರ್ಥವಾಗಿದೆಯೇ ಎಂದು ಪರೀಕ್ಷಿಸುವ ದಾರಿ ಅವರಿಗಿಲ್ಲ. ಅವರನ್ನು ಇಂಗ್ಲಿಷ್ ವ್ಯಾಮೋಹಿಗಳು ಎಂದು ಹಂಗಿಸುವ ಹಕ್ಕು ನಮಗಿದೆಯೇ? ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ತಡವರಿಸಿ ವಾಪಸ್ಸಾದ ಅಣ್ಣ ಅಕ್ಕಂದಿರು ಆ ಮನೆಗಳಲ್ಲೇ ಇದ್ದಾರೆ. ಅವರನ್ನು ನೋಡಿಯೇ ಪೋಷಕರು ಪಾಠ ಕಲಿತದ್ದು.

ಅಭಿಪ್ರಾಯಕ್ಕೆ ಆಧಾರ ಕೊಡುವವರು ಯಾರು?

ಮಕ್ಕಳ ಕಲಿಕೆಯ ಬಗ್ಗೆ ದೇಶದಲ್ಲಿ ಹೆಚ್ಚು ಚರ್ಚೆಯಾಗುವ ‘ಅಸರ್’ ವರದಿ ಗ್ರಾಮೀಣ ಪ್ರದೇಶದ್ದು. ರಾಜಾಜಿನಗರ, ಬಸವೇಶ್ವರನಗರದ ಪೋಷಕರಿಗೆ ಅದರಿಂದ ತಮ್ಮ ಶಾಲೆಯ ಬಗ್ಗೆ ಏನೂ ತಿಳಿಯದು. ಹಾಗಾಗಿ ಶೂ, ಟೈ, ವ್ಯಾನು, ಬೋರ್ಡುಗಳೇ ಪುರಾವೆಯಾಗುತ್ತವೆ.

ಕಾನೂನು ಮಾತ್ರ ಪೋಷಕರ ಅಭಿಪ್ರಾಯಕ್ಕೆ ದೊಡ್ಡ ಜಾಗ ಕೊಟ್ಟಿದೆ. ಕರ್ನಾಟಕದಲ್ಲಿ 2001ರಲ್ಲೇ ಎಸ್‌ಡಿಎಂಸಿಗಳು ಬಂದವು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶುಲ್ಕ ಕಟ್ಟುವ ಖಾಸಗಿ ಶಾಲೆಯ ಪೋಷಕರಿಗೂ ಇಷ್ಟು ಅಧಿಕಾರವಿಲ್ಲ. ಆದರೆ ನಾನು ಮಾತಾಡಿಸಿದವರ ಕಷ್ಟ ಸರಳವಾಗಿದೆ: ಸಭೆ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇರುತ್ತದೆ. ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಹೀಗಾಗಿ ಒಳಗಿನ ವಿವರ ಗೊತ್ತಿರುವವರು ಸಭೆಯಲ್ಲಿ ಇರುವುದಿಲ್ಲ, ವಿವರ ಗೊತ್ತಿಲ್ಲದವರ ತೀರ್ಪು ಬೀದಿಯಲ್ಲಿ ಓಡಾಡುತ್ತದೆ.

ಇನ್ನು ಶಿಕ್ಷಕರ ವಿಷಯ. ಇದು ನಮಗೆ, ಅಂದರೆ ಉದ್ಯೋಗಾಕಾಂಕ್ಷಿಗಳಿಗೆ, ನೇರ ಸಂಬಂಧಿಸಿದ್ದು. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಶಿಕ್ಷಕರ ನೇಮಕಕ್ಕೆ ಅಧಿಸೂಚನೆ ಬಂತು. ವಿವಾಹಿತ ಮಹಿಳೆಯರ ಜಾತಿ-ಆದಾಯ ಪ್ರಮಾಣಪತ್ರ ತಂದೆಯದಿರಬೇಕೇ, ಗಂಡನದಿರಬೇಕೇ ಎಂಬ ವಿವಾದ ಕೋರ್ಟಿಗೆ ಹೋಗಿ ನೇಮಕ ತಡವಾಯಿತು. ಅಭ್ಯರ್ಥಿಗಳ ಕಷ್ಟವಷ್ಟೇ ಸುದ್ದಿಯಾಯಿತು. ಅಷ್ಟು ಕಾಲ ಆ ತರಗತಿಗಳಲ್ಲಿ ಕೂತಿದ್ದ ಮಕ್ಕಳ ಪೋಷಕರಿಗೆ ಯಾರೂ ಉತ್ತರ ಕೊಡಲಿಲ್ಲ. ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರು ತುಂಬುತ್ತಾರೆ. 2025ರ ಬಜೆಟ್‌ನಲ್ಲಿ ಅವರ ಗೌರವಧನವನ್ನು 2,000 ರೂಪಾಯಿ ಹೆಚ್ಚಿಸಲಾಯಿತು. ಆದರೂ ಮುಂದಿನ ವರ್ಷ ಅದೇ ಶಾಲೆಯಲ್ಲಿ ಇರುತ್ತೇವೆಯೇ ಎಂಬುದು ಅವರಿಗೇ ಗೊತ್ತಿರುವುದಿಲ್ಲ.

ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದು ಎನ್ನುತ್ತದೆ. 2027ರ ಜನಗಣತಿಯ ಮನೆಪಟ್ಟಿ ಕೆಲಸಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ ನಿಗದಿಯಾಗಿದೆ. ಕಾನೂನು ಇದಕ್ಕೆ ಒಪ್ಪಿಗೆ ಕೊಟ್ಟಿದೆ, ಸರಿ. ಆದರೆ ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಶಿಕ್ಷಕರು ಮತ್ತೆ ಬೀದಿಯಲ್ಲಿ ಕಂಡರೆ ನಮ್ಮ ಬೀದಿಯ ತಾಯಿಯ ಮಾತಿಗೆ ಇನ್ನೊಂದು ಸಾಕ್ಷಿ ಸಿಕ್ಕಂತೆ. ರಜೆಯ ತಿಂಗಳಲ್ಲೇ ಆ ಕೆಲಸ ಮುಗಿಸುವುದು, ನಮ್ಮಂಥ ನಿರುದ್ಯೋಗಿ ಪದವೀಧರರಿಗೆ ಗೌರವಧನ ಕೊಟ್ಟು ತೊಡಗಿಸಿಕೊಳ್ಳುವುದು ಅಸಾಧ್ಯವೇನಲ್ಲ.

ಇನ್ನೂ ಮೂರು ಕೆಲಸಗಳಿಗೆ ಹೆಚ್ಚು ಹಣ ಬೇಡ. ಎಸ್‌ಡಿಎಂಸಿ ಸಭೆಯನ್ನು ಭಾನುವಾರಕ್ಕೆ ಇಡಬೇಕು. ಎಷ್ಟು ಹುದ್ದೆ ಮಂಜೂರಾಗಿದೆ, ಎಷ್ಟು ಜನ ಶಿಕ್ಷಕರಿದ್ದಾರೆ, ಎಷ್ಟು ಜನ ಅತಿಥಿಗಳು ಎಂದು ಶಾಲೆಯ ಗೇಟಿನಲ್ಲೇ ಬರೆದು ಹಾಕಬೇಕು. ತಿಂಗಳಿಗೊಮ್ಮೆ ಮಕ್ಕಳು ಪೋಷಕರ ಎದುರು ಓದಿ, ಲೆಕ್ಕ ಮಾಡಿ ತೋರಿಸಬೇಕು. ಆಗ ಹೊಗಳಿಕೆಗೂ ಬೈಗುಳಕ್ಕೂ ಆಧಾರ ಇರುತ್ತದೆ.

ಬರುವ ಮೇ ತಿಂಗಳಲ್ಲಿ ಅಡ್ಮಿಷನ್ ಹೊತ್ತಿಗೆ ಪಕ್ಕದ ಮನೆಯವರು ನಿಮ್ಮನ್ನೂ ಕೇಳುತ್ತಾರೆ: ‘ನೀನು ಓದಿದವನಲ್ವಾ, ಮಗೂನ ಎಲ್ಲಿಗೆ ಸೇರಿಸೋದು ಹೇಳಪ್ಪ.’ ಉತ್ತರ ಕೊಡುವ ಮುಂಚೆ ಅವರ ಜೊತೆ ಒಂದು ಬೆಳಿಗ್ಗೆ ಸರ್ಕಾರಿ ಶಾಲೆಗೆ ಹೋಗಿ. ಒಂದನೇ ತರಗತಿಯ ಕೋಣೆಯಲ್ಲಿ ಅರ್ಧ ಗಂಟೆ ನಿಲ್ಲಿ, ಶೌಚಾಲಯ ನೋಡಿ, ಶಿಕ್ಷಕರು ಎಷ್ಟು ಜನ ಎಂದು ಕೇಳಿ. ಆಮೇಲೆ ಅವರು ಖಾಸಗಿ ಶಾಲೆಯನ್ನೇ ಆರಿಸಿಕೊಂಡರೂ ಚಿಂತೆಯಿಲ್ಲ. ಕನಿಷ್ಠ ಆ ಶಾಲೆಗೆ ಅವರು ಕೊಟ್ಟ ಅಂಕ, ಒಳಗೆ ಹೋಗಿ ನೋಡಿ ಕೊಟ್ಟದ್ದಾಗಿರುತ್ತದೆ.