ಮಂಗನ ಕಾಯಿಲೆ: ಆದೇಶ ಸಾಲದು, ಕಾನೂನು ಬೇಕು

ಡಿಸೆಂಬರ್ ಬಂತೆಂದರೆ ಘಟ್ಟದ ತಪ್ಪಲಿನ ಮನೆಗಳಲ್ಲಿ ಹಳೆಯ ಭಯವೊಂದು ಮರುಕಳಿಸುತ್ತದೆ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆಯಂತೆ ಎಂಬ ಸುದ್ದಿ ಬಂದರೆ ಸಾಕು, ಸೊಪ್ಪು, ತರಗೆಲೆ, ಕಟ್ಟಿಗೆ ತರಲು ಹೋಗುವವರು ಹಿಂಜರಿಯುತ್ತಾರೆ. ಆದರೆ ಹೋಗದೆ ವಿಧಿಯಿಲ್ಲ. ಈ ಕಾಯಿಲೆ ಹೆಚ್ಚಾಗಿ ಕಾಡುವುದು ಕಾಡಂಚಿನ ಬಡ ಕೃಷಿಕರನ್ನು ಮತ್ತು ಕೂಲಿಕಾರ್ಮಿಕರನ್ನು.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ವೈರಸ್ ಪತ್ತೆಯಾಯಿತು. ಇದನ್ನು ಹರಡುವುದು ಉಣ್ಣೆ. ಮಂಗ ಕೂಡ ಮನುಷ್ಯರಂತೆ ಇದಕ್ಕೆ ಬಲಿಯಾಗುವ ಜೀವಿ. 1980ರ ದಶಕದ ಆರಂಭದಲ್ಲಿ ನಮ್ಮ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ನೆಡಲು ಕಾಡು ಕಡಿದ ನಂತರ ರೋಗ ಭೀಕರವಾಗಿ ಹಬ್ಬಿದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಅದೇ ಸಂಕಟವನ್ನು ಕಂಡಿತು. ರೋಗ ತಗಲಿದ ನೂರು ಮಂದಿಯಲ್ಲಿ ಮೂವರಿಂದ ಐವರು ಸಾಯುತ್ತಾರೆ.

ಹೀಗಿರುವಾಗ ಕಾನೂನು ಏನು ಹೇಳುತ್ತದೆ? 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮವು ಸರಕಾರಕ್ಕೆ ನಿರ್ಬಂಧ ಹೇರುವ, ದಂಡಿಸುವ ಅಧಿಕಾರ ಕೊಟ್ಟಿದೆ. ಅದರ ಬಲದಿಂದಲೇ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ನಿಗದಿಪಡಿಸಲಾಯಿತು. ಇದು ಪ್ರಜೆಯ ಕರ್ತವ್ಯವನ್ನು ಹೇಳುವ ಕಾನೂನು. ರೋಗಿಯ ಹಕ್ಕು ಏನು ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರ ಸಿಗುವುದಿಲ್ಲ. ಕಾಡಿನ ಉಣ್ಣೆಗೆ ಯಾರಿಗೆ ದಂಡ ಹಾಕುವುದು?

ಮಂಗನ ಕಾಯಿಲೆಗೆ ಉಚಿತ ಚಿಕಿತ್ಸೆಯ ಘೋಷಣೆಗಳು ಬಂದಿವೆ, ಸ್ವಾಗತಿಸೋಣ. ಆದರೆ ಆದೇಶದಿಂದ ಬಂದದ್ದು ಇನ್ನೊಂದು ಆದೇಶದಿಂದ ಹೋಗಬಹುದು. ಕಾನೂನಿನಲ್ಲಿ ಬರೆದದ್ದನ್ನು ತೆಗೆಯಬೇಕಾದರೆ ವಿಧಾನಸಭೆಯಲ್ಲಿ ಕಾರಣ ಹೇಳಬೇಕಾಗುತ್ತದೆ.

ಲಸಿಕೆಯ ಕಥೆಯನ್ನೇ ನೋಡಿ. 1990ರಿಂದ ನಮ್ಮ ಜನರಿಗೆ ಚುಚ್ಚಲಾದ ಲಸಿಕೆ ಸಾಕಷ್ಟು ರಕ್ಷಣೆ ಕೊಡುವುದಿಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಹಾಕಿದೆ. ಆದರೆ ಹಳೆಯದು ನಿಲ್ಲುವ ಮೊದಲೇ ಹೊಸದು ಸಿದ್ಧವಾಗಬೇಕಿತ್ತು. ಸಂಶೋಧನೆಗೆ ಖಾಯಂ ಅನುದಾನ, ಲಸಿಕೆಯ ಪರಿಣಾಮದ ವಾರ್ಷಿಕ ವರದಿ ಸದನದ ಮುಂದೆ ಬರಬೇಕೆಂಬ ನಿಯಮ ಇದ್ದಿದ್ದರೆ ಈ ಪ್ರಶ್ನೆ ಎಷ್ಟೋ ಮೊದಲೇ ಏಳುತ್ತಿತ್ತು.

ಅಮೆರಿಕದ ಕೆಲವು ರಾಜ್ಯಗಳು ಉಣ್ಣೆಯಿಂದಲೇ ಬರುವ ಲೈಮ್ ರೋಗದ ಬಗ್ಗೆ ಕಾನೂನು ಮಾಡಿವೆ. ದೀರ್ಘಕಾಲ ಆ್ಯಂಟಿಬಯೋಟಿಕ್ ಕೊಡುವ ವೈದ್ಯರಿಗೆ ಕನೆಕ್ಟಿಕಟ್ 2009ರಲ್ಲಿ ರಕ್ಷಣೆ ನೀಡಿತು. ಅಂಥ ಚಿಕಿತ್ಸೆಯ ವೆಚ್ಚವನ್ನು ವಿಮಾ ಕಂಪನಿಗಳು ಭರಿಸಬೇಕೆಂದು ಮ್ಯಾಸಚೂಸೆಟ್ಸ್ 2016ರಲ್ಲಿ ಗವರ್ನರರ ಅಸಮ್ಮತಿಯನ್ನೂ ಮೀರಿ ವಿಧಿಸಿತು. ರೋಗಿಗಳ ಕೂಗಿಗೆ ಶಾಸಕರು ಕಿವಿಗೊಟ್ಟದ್ದು ಮೆಚ್ಚತಕ್ಕದ್ದೇ. ಆದರೆ ಆ ದೀರ್ಘ ಚಿಕಿತ್ಸೆಯಿಂದ ಹೇಳಿಕೊಳ್ಳುವಂಥ ಪ್ರಯೋಜನ ವೈದ್ಯಕೀಯ ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ. ಕಾನೂನು ಆರೈಕೆಯನ್ನು ಖಾತ್ರಿಪಡಿಸಬೇಕು, ಔಷಧಿ ಚೀಟಿ ಬರೆಯಬಾರದು ಎಂಬುದೇ ನಾವು ಕಲಿಯಬೇಕಾದ ಪಾಠ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಕಾರ್ಡಿನ ಬಣ್ಣ ನೋಡದೆ ಪೂರ್ತಿ ಉಚಿತ ಚಿಕಿತ್ಸೆ, ಆಸ್ಪತ್ರೆಯಲ್ಲಿದ್ದ ದಿನಗಳ ಕೂಲಿ, ಸತ್ತವರ ಕುಟುಂಬಕ್ಕೆ ನಿಗದಿತ ಪರಿಹಾರ, ರಕ್ತಪರೀಕ್ಷೆಯ ವರದಿಗೆ ಕಾಲಮಿತಿ, ಸಂಶೋಧನೆಗೆ ಪ್ರತ್ಯೇಕ ಹಣ. ಈ ರೋಗಕ್ಕೆ ನಿರ್ದಿಷ್ಟ ಔಷಧಿ ಇಲ್ಲದಿರುವಾಗ ಬೇಗ ಪತ್ತೆಹಚ್ಚಿ ಆಸ್ಪತ್ರೆಗೆ ಸೇರಿಸುವುದೇ ಜೀವ ಉಳಿಸುವ ದಾರಿ.

ಕಾನೂನು ಬರುವ ತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಘಟ್ಟದಂಚಿನ ಧರ್ಮಕೇಂದ್ರಗಳ ಕಾರ್ಯಕರ್ತರು ಮನೆಭೇಟಿಯ ವೇಳೆ ಜ್ವರ ಬಂದವರನ್ನು ವಿಚಾರಿಸಲಿ. ಸತ್ತ ಮಂಗ ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಲಿ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆದ್ದರಿಂದ ರೋಗಿಯ ಮನೆಗೆ ಹೋಗಲು ಅಂಜಬೇಕಿಲ್ಲ. ಮತ ಕೇಳಲು ಬರುವವರ ಮುಂದೆ ರಸ್ತೆ, ಸೇತುವೆಯ ಜೊತೆಗೆ ಈ ಕಾನೂನಿನ ಮಾತನ್ನೂ ಎತ್ತೋಣ.